ಹೈಪರ್‌ವೈಸರಿಗೆ ಗೋಚರವಾಗದ ನೆಟ್‌ವರ್ಕ್ ಕಾರ್ಡು

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನವು 1915ರಲ್ಲಿ ಬೆಳಕಿಗೆ ಬಂದ ಸಂಗತಿಯು ವಾಚಕರಿಗೆ ವಿದಿತವೇ ಆಗಿದೆ. ಅದಕ್ಕೆ ಮುನ್ನ ದೊರೆತಿದ್ದ ಧರ್ಮಲಿಪಿಗಳಲ್ಲಿ ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳಿದ್ದುವೇ ಹೊರತು ಅರಸನ ಹೆಸರಿರಲಿಲ್ಲ. 1837ರಲ್ಲಿ ಪ್ರಿನ್ಸೆಪ್ಪನು ಲಿಪಿಯನ್ನು ಓದಿದ ಮೇಲೂ, ಆ ಬಿರುದಿನ ಅರಸನಾರೆಂಬುದನ್ನು ಸಿಂಹಳದ ಗ್ರಂಥಗಳ ನೆರವಿನಿಂದ ನಿಶ್ಚಯಿಸಬೇಕಾಯಿತು. ಮಸ್ಕಿಯ ಬಂಡೆಯು ಅಶೋಕನೆಂಬ ಹೆಸರನ್ನೇ ಹೇಳಿ ಆ ನಿಶ್ಚಯವನ್ನು ದೃಢಪಡಿಸಿತು. ಅಕ್ಷರವನ್ನು ಓದುವುದು ಬೇರೆ, ಅದು ಸೂಚಿಸುವ ವ್ಯಕ್ತಿಯನ್ನು ಗುರುತಿಸುವುದು ಬೇರೆ. ಗಣಕಯಂತ್ರದ ಒಂದು ತೊಡಕನ್ನು ತಿಳಿಯುವುದಕ್ಕೂ ಈ ಭೇದವೇ ಕೀಲಿಕೈ.

ಒಂದೇ ಯಂತ್ರದಲ್ಲಿ ಹಲವು ಗಣಕಗಳು ಇದ್ದಂತೆ ನಡೆಯಿಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಸಿಂಧನೂರು, ಲಿಂಗಸುಗೂರುಗಳಂತಹ ಊರಿನ ಅಧ್ಯಾಪಕರೊಬ್ಬರು ಶಾಸನಗಳ, ಓಲೆಗರಿಗಳ ಛಾಯಾಚಿತ್ರಗಳನ್ನು ಕಾಪಾಡುವುದಕ್ಕಾಗಿ ಹಳೆಯ ಪಿಸಿಯೊಂದರಲ್ಲಿ ವಿಎಂವೇರ್ ಸಂಸ್ಥೆಯ ಇಎಸ್‌ಎಕ್ಸ್‌ಐ ಎಂಬುದನ್ನು ಸ್ಥಾಪಿಸಲು ಹೊರಟರೆನ್ನೋಣ. ನೆಟ್‌ವರ್ಕ್ ಕಾರ್ಡೇ ಕಾಣಲಿಲ್ಲವೆಂದು ಹೇಳಿ ಸ್ಥಾಪನೆಯು ಅಲ್ಲಿಗೇ ನಿಲ್ಲಬಹುದು. ಅದೇ ಪಿಸಿಯಲ್ಲಿ ವಿಂಡೋಸ್ ನಿನ್ನೆಯವರೆಗೂ ಅಂತರಜಾಲವನ್ನು ತೋರಿಸುತ್ತಿದ್ದರೆ, ಕಾರ್ಡು ಕೆಟ್ಟಿತೆಂದು ಅದನ್ನು ಎಸೆಯುವುದು ದುಡುಕು.

ಕಾರ್ಡು ತನ್ನ ಗುರುತನ್ನು ಎರಡು ಸಂಖ್ಯೆಗಳಿಂದ ಹೇಳುತ್ತದೆ: ಮೊದಲನೆಯದು ತಯಾರಕರದು, ಎರಡನೆಯದು ಉಪಕರಣದ್ದು. ಇಂಟೆಲ್ ಸಂಸ್ಥೆಯ ಸಂಖ್ಯೆ 8086. ರಿಯಲ್‌ಟೆಕ್ ಸಂಸ್ಥೆಯದು 10ಇಸಿ. ಈ ಜೋಡಿಯನ್ನು ಬಲ್ಲ ಡ್ರೈವರ್ ಎಂಬ ತಂತ್ರಾಂಶವು ಹೈಪರ್‌ವೈಸರಿನಲ್ಲಿ ಇಲ್ಲದಿದ್ದರೆ, ಬಿರುದನ್ನು ಓದಿಯೂ ಅರಸನನ್ನು ಅರಿಯದ ಸ್ಥಿತಿಯೇ ಒದಗುತ್ತದೆ. ಇಎಸ್‌ಎಕ್ಸ್‌ಐ 6.7ರ ವರೆಗೆ ಲಿನಕ್ಸ್ ಮೂಲದ ಹಳೆಯ ಡ್ರೈವರುಗಳಿಗೆ ಆಸ್ಪದವಿತ್ತು. 2020ರಲ್ಲಿ ಬಂದ 7.0ನೆಯ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಮನೆಬಳಕೆಯ ಪಿಸಿಗಳಲ್ಲಿ ಸಾಮಾನ್ಯವಾದ ರಿಯಲ್‌ಟೆಕ್ 8168ಕ್ಕೆ ಆಸಕ್ತರು ಒದಗಿಸಿದ್ದ ಡ್ರೈವರೂ ಆ ಹಳೆಯ ಬಗೆಯದೇ. ಆದುದರಿಂದ 6.7ರಲ್ಲಿ ನಡೆಯುತ್ತಿದ್ದ ಯಂತ್ರವು 7.0ರಲ್ಲಿ ನಿಂತಿತು, ಕಾರ್ಡು ಮಾತ್ರ ಎಂದಿನಂತೆಯೇ ಇತ್ತು.

ಪರೀಕ್ಷೆಯ ಕ್ರಮವು ಹೀಗಿರಬೇಕು. ಮೊದಲು ಬಯಾಸ್ ಪುಟದಲ್ಲಿ ಮದರ್‌ಬೋರ್ಡಿನ ನೆಟ್‌ವರ್ಕ್ ಕಾರ್ಡನ್ನು ಸ್ಥಗಿತಗೊಳಿಸಿಲ್ಲವೆಂದು ನೋಡಬೇಕು. ಅನಂತರ ಪೆನ್‌ಡ್ರೈವಿನಿಂದ ಲಿನಕ್ಸನ್ನು ನಡೆಯಿಸಿ, ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಯನ್ನು ‘-ಎನ್‌ಎನ್’ ಎಂಬ ಸೂಚನೆಯೊಡನೆ ಕೊಡಬೇಕು. ಪಟ್ಟಿಯಲ್ಲಿ ಕಾರ್ಡಿನ ಸಂಖ್ಯೆಯೇ ಬಾರದಿದ್ದರೆ ದೋಷವು ಕಾರ್ಡಿನಲ್ಲಿಯೋ ಅದನ್ನು ಕೂರಿಸಿದ ರೀತಿಯಲ್ಲಿಯೋ ಇದ್ದೀತು. ಸಂಖ್ಯೆಯು ಬಂದರೆ ಕೊರತೆಯಿರುವುದು ಡ್ರೈವರಿನದೆಂದು ಊಹಿಸಬಹುದು. ಆಗ ಆ ಸಂಖ್ಯೆಯನ್ನು ಹೈಪರ್‌ವೈಸರಿನ ಅಧಿಕೃತ ಪಟ್ಟಿಯೊಡನೆ ಹೋಲಿಸತಕ್ಕದ್ದು.

ಪರಿಹಾರಗಳು ಮೂರು. ಪಟ್ಟಿಯಲ್ಲಿರುವ ಇಂಟೆಲ್ ಕಾರ್ಡೊಂದನ್ನು ಪಿಸಿಯಲ್ಲಿ ಕೂರಿಸುವುದು ಸುಲಭವಾದ ಮಾರ್ಗ. ಯುಎಸ್‌ಬಿ ಕಾರ್ಡನ್ನು ಬಳಸುವುದಾದರೆ ಅದರ ಡ್ರೈವರನ್ನು ಸ್ಥಾಪನಾ ಪ್ರತಿಯಲ್ಲಿ ಮೊದಲೇ ಸೇರಿಸಿರಬೇಕು. ಸ್ಥಾಪನೆಯು ನಿಂತ ಮೇಲೆ ಸೇರಿಸಲು ಅವಕಾಶವಿರದು. ಮೂರನೆಯದು, ಬೇರೊಂದು ಹೈಪರ್‌ವೈಸರನ್ನು ಆರಿಸುವುದು: ಪ್ರಾಕ್ಸ್‌ಮಾಕ್ಸ್ ಎಂಬುದು ಲಿನಕ್ಸಿನ ಮೇಲೆ ನಿಂತಿರುವುದರಿಂದ, ಅದರ ಆರ್8169 ಡ್ರೈವರು 8168ನ್ನೂ ಬಲ್ಲದು. ಸಂಖ್ಯೆ ಹೊಂದದ ಡ್ರೈವರನ್ನು ಬಲವಂತವಾಗಿ ತುರುಕುವುದು, ಒಬ್ಬ ಅರಸನ ಶಾಸನವನ್ನು ಇನ್ನೊಬ್ಬನಿಗೆ ಅಂಟಿಸಿದಂತೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಇರಲಾಗದು. ಸ್ಥಾಪನೆಗೆ ಆರಿಸಿದ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಕಾರ್ಡಿಗಾಗಿ ಮರಳಿ ಮರಳಿ ಪ್ರಯತ್ನಿಸುವ ಬೇಸರದಲ್ಲಿ ಚಿತ್ರಗಳಿರುವ ಡಿಸ್ಕನ್ನೇ ಆರಿಸಿದರೆ, ಹೊಸ ಕಾರ್ಡು ಆ ನಷ್ಟವನ್ನು ತುಂಬಲಾರದು. ಓಲೆಗರಿಯು ಈ ನಡುವೆ ಹಾಳಾಗಿದ್ದರಂತೂ ಏನೂ ಉಳಿಯದು. ಆದುದರಿಂದ ಮೊದಲು ಆ ಚಿತ್ರಗಳ ಪ್ರತಿಯನ್ನು ಬೇರೆಡೆ ಇರಿಸಿ, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ, ಆಮೇಲೆ ಪರೀಕ್ಷೆಗೆ ತೊಡಗಬೇಕು. ಕಾರ್ಡು ಕಾಣಲಿಲ್ಲವೆಂಬ ಮಾತಿನಿಂದ ಕಾರ್ಡು ಇಲ್ಲವೆಂದಾಗಲಿ ಕೆಟ್ಟಿತೆಂದಾಗಲಿ ಸಿದ್ಧವಾಗುವುದಿಲ್ಲ. ಸಂಖ್ಯೆಯನ್ನು ಓದಿದ ಮೇಲೆಯೇ ನಿರ್ಣಯ ಹೇಳುವುದು ಯುಕ್ತ.