ಮೇಜಿನ ಸುತ್ತ ಒಂದು ವಿಪತ್ತು: ಆಸ್ಪತ್ರೆಯ ಸಿಬ್ಬಂದಿಯ ಸನ್ನದ್ಧತೆಯ ಬಗೆಗೆ



ನಮ್ಮಲ್ಲಿ ಹಲವರು ಸೊಪ್ಪು, ತೆಂಗಿನಕಾಯಿ, ಹೂವುಗಳಿಗಾಗಿ ಸೆರಂಗೂನ್ ರಸ್ತೆಗೆ ಹೋಗಿಬರುವವರು. ಅದೇ ರಸ್ತೆಯನ್ನು ಓವೆನ್ ರಸ್ತೆ ಕೂಡುವೆಡೆಯಲ್ಲಿ, 1986ರ ಮಾರ್ಚ್ 15ರಂದು, ಹೋಟೆಲ್ ನ್ಯೂ ವರ್ಲ್ಡ್ ಎಂಬ ಆರಂತಸ್ತಿನ ಕಟ್ಟಡವು ಒಂದು ನಿಮಿಷ ಕಳೆಯುವುದರೊಳಗೆ ಕುಸಿದುಬಿತ್ತು. 17 ಮಂದಿಯನ್ನು ಅವಶೇಷಗಳಡಿಯಿಂದ ಜೀವಂತವಾಗಿ ಹೊರತೆಗೆಯಲಾಯಿತು. 33 ಮಂದಿ ಅಸುನೀಗಿದರು. ಇಂಥ ಆಘಾತಗಳಿಗೆ ಸಿದ್ಧವಾಗಿರಲೆಂದು ಈ ನಗರವು ಬೃಹತ್ ಅಣಕು ಕಾರ್ಯಾಚರಣೆಗಳನ್ನು ನಡೆಸುತ್ತ ಬಂದಿದೆ. 2006ರ ಜನವರಿ 8ರ ಭಾನುವಾರ ನಡೆದ ‘ನಾರ್ತ್‌ಸ್ಟಾರ್ 5’ ಅಂಥದೊಂದು. ಎಂ.ಆರ್.ಟಿ. ನಿಲ್ದಾಣಗಳಲ್ಲಿ ಬಾಂಬು ಸಿಡಿದಂತೆ ಕಲ್ಪಿಸಿಕೊಂಡು ನಡೆಸಿದ ಆ ಅಭ್ಯಾಸದಲ್ಲಿ 2,000ಕ್ಕೂ ಹೆಚ್ಚು ಸಿಬ್ಬಂದಿ ಪಾಲ್ಗೊಂಡಿದ್ದರು.

ಇವು ಅಗತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಮಹಾಪ್ರದರ್ಶನದಲ್ಲಿ ಐದನೆಯ ಮಹಡಿಯ ರಾತ್ರಿಪಾಳಿಯ ದಾದಿಗೆ ಪಾತ್ರವಿರುವುದಿಲ್ಲ. ಆಕೆಗೆ ತೋಚಿದ ಸಂದೇಹವನ್ನು ಕೇಳುವವರೂ ಇರುವುದಿಲ್ಲ. ನಾವು ಇಂದು ಹೇಳಹೊರಟಿರುವುದು ಅದಕ್ಕಿಂತ ಬಹಳ ಚಿಕ್ಕದಾದ ಒಂದು ಅಭ್ಯಾಸದ ಬಗೆಗೆ. ಅದಕ್ಕೆ ಬೇಕಾದುದು ಒಂದು ಮೇಜು, ಎಂಟು ಹತ್ತು ಜನ, ಒಂದು ಗಂಟೆಯ ಕಾಲ.

ಆಸ್ಪತ್ರೆಯವರು ಪ್ರತಿದಿನವೂ ತುರ್ತನ್ನೇ ಎದುರಿಸುವವರಲ್ಲವೆ, ಅವರಿಗೇಕೆ ಅಭ್ಯಾಸ ಎಂದು ಕೇಳಬಹುದು. ಉತ್ತರವು 2003ರಲ್ಲಿದೆ. ಆ ವರ್ಷದ ಮಾರ್ಚ್ ತಿಂಗಳ ಆರಂಭದಲ್ಲಿ ಟಾನ್ ಟಾಕ್ ಸೆಂಗ್ ಆಸ್ಪತ್ರೆಗೆ ಜ್ವರದ ರೋಗಿಯೊಬ್ಬರು ದಾಖಲಾದಾಗ ಸಾರ್ಸ್ ಎಂಬ ಹೆಸರೇ ಇನ್ನೂ ಹುಟ್ಟಿರಲಿಲ್ಲ. ಸಿಂಗಪುರದಲ್ಲಿ ಒಟ್ಟು 238 ಮಂದಿಗೆ ಸೋಂಕು ತಗುಲಿತು, 33 ಮಂದಿ ತೀರಿಕೊಂಡರು. ಸೋಂಕಿತರಲ್ಲಿ ಹತ್ತಕ್ಕೆ ನಾಲ್ವರು ಆರೋಗ್ಯಸೇವೆಯವರೇ. ಅವರಲ್ಲಿ ಐವರು ಮರಳಿ ಮನೆಗೆ ಹೋಗಲಿಲ್ಲ. ರೋಗಿಗೆ ಬೇರೆ ಕಾಯಿಲೆಗಳಿದ್ದು, ಜ್ವರಕ್ಕೆ ಅವೇ ಕಾರಣವೆಂದು ತೋರಿದ ಕಡೆಯಲ್ಲಿ ಸೋಂಕು ಗುರುತಿಗೆ ಸಿಗದೆ ಇನ್ನೊಂದು ಆಸ್ಪತ್ರೆಗೂ ದಾಟಿತು. ಇಲ್ಲಿ ಕೊರತೆಯಾದುದು ಧೈರ್ಯವೂ ಅಲ್ಲ, ವಿದ್ಯೆಯೂ ಅಲ್ಲ. ‘ಈ ಜ್ವರಕ್ಕೆ ಕಾರಣ ಸ್ಪಷ್ಟವಾಗಿ ಕಾಣುತ್ತಿದೆ, ಆದರೂ ಇವರನ್ನು ಪ್ರತ್ಯೇಕವಾಗಿ ಇರಿಸುವಿರಾ? ಆ ಮಾತನ್ನು ಮೊದಲು ಆಡಬೇಕಾದವರು ಯಾರು?’ ಎಂಬ ಪ್ರಶ್ನೆಯನ್ನು ಮೇಜಿನ ಮೇಲಿಟ್ಟು ಚರ್ಚಿಸಲು ಇಂದು ನಮಗೆ ಅವಕಾಶವಿದೆ. ಅಂದಿನವರಿಗೆ ಆ ಅವಕಾಶವಿರಲಿಲ್ಲ.

ಅಭ್ಯಾಸದ ಕ್ರಮ ಸರಳವಾದುದು. ನಡೆಸುವವನೊಬ್ಬ, ಬರೆದುಕೊಳ್ಳುವವನೊಬ್ಬ ಇರಬೇಕು. ಪಾಲ್ಗೊಳ್ಳುವವರು ಒಂದೇ ವಾರ್ಡಿಗೆ ಸಂಬಂಧಪಟ್ಟವರಾಗಿರಬೇಕು: ವೈದ್ಯರು, ದಾದಿಯರು, ಔಷಧ ವಿಭಾಗದವರು, ಕಾವಲಿನವರು, ಮಂಚ ತಳ್ಳುವವರು, ಕಸ ಗುಡಿಸುವವರು. ಕೊನೆಯ ಇಬ್ಬರನ್ನು ಕರೆಯಲು ಸಾಮಾನ್ಯವಾಗಿ ಮರೆಯುತ್ತಾರೆ. ನಡೆಸುವವನು ಪ್ರಸಂಗವನ್ನು ಒಮ್ಮೆಗೇ ಹೇಳಿಬಿಡದೆ ತುಣುಕುತುಣುಕಾಗಿ ಬಿಚ್ಚುತ್ತಾನೆ. ‘ರಾತ್ರಿ ಎರಡು ಗಂಟೆ. ವಾರ್ಡಿನಲ್ಲಿ 28 ರೋಗಿಗಳು, ಮೂವರು ದಾದಿಯರು. ಸಾಮಾನು ಕೋಣೆಯಿಂದ ಹೊಗೆ ಬರುತ್ತಿದೆ.’ ಉತ್ತರ ಬಂದ ಬಳಿಕ ಮುಂದಿನ ತುಣುಕು: ‘ದೂರವಾಣಿಯನ್ನು ಯಾರೂ ಎತ್ತುತ್ತಿಲ್ಲ.’

ಹೊಗೆಯ ಪ್ರಸಂಗವನ್ನು ನಾವು ಬೇಕೆಂದೇ ಆಯ್ದುಕೊಳ್ಳುತ್ತೇವೆ. ಕೋಲ್ಕತ್ತದ ಆಮ್ರಿ ಆಸ್ಪತ್ರೆಯಲ್ಲಿ 2011ರ ಡಿಸೆಂಬರ್ 9ರ ನಸುಕಿನಲ್ಲಿ ನೆಲಮಾಳಿಗೆಯ ಬೆಂಕಿಯ ಹೊಗೆ ಮೇಲಕ್ಕೇರಿ ಸುಮಾರು 90 ಮಂದಿ ಸತ್ತರು. ಅವರಲ್ಲಿ ಬಹುಪಾಲು ಉಸಿರುಕಟ್ಟಿ ಸತ್ತವರು. ಬೆಂಕಿಯೆಂದೊಡನೆ ‘ಕೆಳಗಿಳಿಸೋಣ’ ಎಂದೇ ಎಲ್ಲರೂ ಹೇಳುವರು. ಏಳಲಾರದ ರೋಗಿಗಳನ್ನು ಮೂವರು ಮೆಟ್ಟಿಲಿಳಿಸುವುದು ಸಾಧ್ಯವೆ? ಮೊದಲು ಅದೇ ಮಹಡಿಯಲ್ಲಿ, ಬೆಂಕಿ ತಡೆಯುವ ಬಾಗಿಲುಗಳ ಆಚೆಗೆ ಅವರನ್ನು ಸಾಗಿಸಬೇಕು. ಇದನ್ನು ತರಗತಿಯಲ್ಲಿ ಕೇಳಿದವರೂ ಮೇಜಿನ ಬಳಿ ತಡವರಿಸುವುದನ್ನು ನಾವು ಕಂಡಿದ್ದೇವೆ.

ನಾವು ನಡೆಸಿದ ಅಂಥ ಒಂದು ಅಭ್ಯಾಸದಲ್ಲಿ ಹಿರಿಯ ವೈದ್ಯರು ‘ತುರ್ತು ಕರೆಯ ಪಟ್ಟಿ ನೋಡಿ ಎಲ್ಲರನ್ನೂ ಕರೆಯಿಸುತ್ತೇವೆ’ ಎಂದರು. ಎಲ್ಲರೂ ತಲೆದೂಗಿದರು. ಮೂಲೆಯಲ್ಲಿದ್ದ ಕಿರಿಯ ದಾದಿ ಮಾತ್ರ ಸುಮ್ಮನಿದ್ದಳು. ಎರಡು ಸಲ ಕೇಳಿದ ಮೇಲೆ, ಪಟ್ಟಿಯಿರುವ ಬೀರುವಿನ ಕೀಲಿಯನ್ನು ಹಗಲುಪಾಳಿಯವರು ಮನೆಗೆ ಒಯ್ಯುತ್ತಾರೆಂದು ಮೆಲ್ಲನೆ ಹೇಳಿದಳು. ಮಂಚ ತಳ್ಳುವ ಹಿರಿಯರೊಬ್ಬರು, ಉಸಿರಾಟದ ಯಂತ್ರ ಜೋಡಿಸಿದ ಮಂಚವನ್ನು ಆ ಬಾಗಿಲಿನಲ್ಲಿ ಓರೆಮಾಡದೆ ದಾಟಿಸಲಾಗದೆಂದೂ, ಅದಕ್ಕೆ ಇಬ್ಬರು ಸಾಲದೆಂದೂ ತಿಳಿಸಿದರು. ಅಂದವಾಗಿ ಮುದ್ರಿಸಿದ ಯೋಜನೆಯ ಪುಸ್ತಕದಲ್ಲಿ ಇವೆರಡೂ ಇರಲಿಲ್ಲ.

ಹಿರಿಯರೆದುರು ಬಾಯಿಬಿಡದ ಸಂಕೋಚವು ನಮ್ಮ ಮನೆಗಳಲ್ಲಿರುವಂತೆಯೇ ಇಲ್ಲಿಯ ವಾರ್ಡುಗಳಲ್ಲೂ ಇದೆ. ಚೀನೀ, ಮಲಯ, ತಮಿಳು, ಫಿಲಿಪಿನೊ ಎಂಬ ಭೇದ ಅದಕ್ಕಿಲ್ಲ. ಆದುದರಿಂದ ಕಿರಿಯರಿಂದಲೇ ಉತ್ತರ ಆರಂಭಿಸುವುದು, ಇಲ್ಲವೆ ಎಲ್ಲರಿಗೂ ಚೀಟಿ ಕೊಟ್ಟು ಬರೆಯಿಸುವುದು ನಮ್ಮ ರೂಢಿ. ವೈದ್ಯರಿಗೆ ಇದು ಮೊದಮೊದಲು ರುಚಿಸುವುದಿಲ್ಲವೆಂಬುದನ್ನೂ ಹೇಳಬೇಕು. ತಪ್ಪು ಹೇಳಿದವರ ಹೆಸರನ್ನು ಎಲ್ಲಿಯೂ ಬರೆದಿಡಕೂಡದು. ಅದು ಪರೀಕ್ಷೆಯೆಂದಾದರೆ ಮುಂದಿನ ಬಾರಿ ಯಾರೂ ನಿಜ ನುಡಿಯರು.

ಅಭ್ಯಾಸ ಮುಗಿದೊಡನೆ, ಯಾರೂ ಏಳುವ ಮೊದಲೇ, ಕಂಡ ಕೊರತೆಗಳಿಗೆ ಒಬ್ಬೊಬ್ಬರನ್ನು ಹೊಣೆಮಾಡಿ ದಿನಾಂಕ ಗೊತ್ತುಮಾಡಬೇಕು. ಹೀಗೆ ಮಾಡದಿದ್ದರೆ ಚಹಾ ಕುಡಿದು ಎದ್ದುಹೋದಂತಾಗುವುದು.

ಮೂರು ತಿಂಗಳ ತರುವಾಯ ಅದೇ ವಾರ್ಡಿನವರೊಡನೆ ಅದೇ ಹೊಗೆಯ ಪ್ರಸಂಗವನ್ನು ಮತ್ತೆ ನಡೆಸಿದೆವು. ಕರೆಯ ಪಟ್ಟಿಯು ದಾದಿಯರ ಮೇಜಿನ ಮೇಲಿನ ಗೋಡೆಗೆ ಬಂದಿತ್ತು. ಅದೇ ಕಿರಿಯ ದಾದಿ ಈ ಸಲ ಯಾರೂ ಕೇಳುವ ಮೊದಲೇ ಕೈಯೆತ್ತಿದಳು: ಪಟ್ಟಿಯಲ್ಲಿರುವ ಇಬ್ಬರು ಕಳೆದ ತಿಂಗಳೇ ಕೆಲಸ ಬಿಟ್ಟುಹೋಗಿದ್ದರು.