ಮೌಲ್ಯವು ಆಜ್ಞೆಯಾಗುವ ಬಗೆ: ಡ್ರೂಪಲ್ ತಂತ್ರಾಂಶದ ಒಂದು ದೋಷ

ಕಾಲೇಜು, ಪತ್ರಿಕೆ, ಸರ್ಕಾರಿ ಇಲಾಖೆ ಮೊದಲಾದವುಗಳ ಜಾಲತಾಣಗಳಲ್ಲಿ ಹೆಚ್ಚಿನವು ಪುಟಪುಟವಾಗಿ ಕೈಯಿಂದ ರಚಿತವಾದವುಗಳಲ್ಲ. ಲೇಖನ, ಬಳಕೆದಾರರ ಹೆಸರು, ಅವರ ಹಕ್ಕುಗಳು ಇವೆಲ್ಲವೂ ಡೇಟಾಬೇಸಿನಲ್ಲಿ ಸಂಗ್ರಹವಾಗಿರುತ್ತವೆ. ವಿಷಯನಿರ್ವಹಣೆಯ ತಂತ್ರಾಂಶವು ಬೇಕಾದುದನ್ನು ಅಲ್ಲಿಂದ ತೆಗೆದು ಪುಟವನ್ನು ಕಟ್ಟಿಕೊಡುತ್ತದೆ. ಡೇಟಾಬೇಸಿಗೆ ಅದು ಆಜ್ಞೆಯಿಡುವ ಭಾಷೆ ಎಸ್‌ಕ್ಯುಎಲ್. ಆ ಆಜ್ಞಾವಾಕ್ಯದೊಳಕ್ಕೆ ಹೊರಗಿನವನೊಬ್ಬನು ತನ್ನ ಮಾತನ್ನು ಸೇರಿಸಿಬಿಡುವುದೇ ಎಸ್‌ಕ್ಯುಎಲ್ ಇಂಜೆಕ್ಷನ್. 1998ರಲ್ಲಿಯೇ ‘ಫ್ರ್ಯಾಕ್’ ಪತ್ರಿಕೆಯ ಲೇಖನವೊಂದು ಇದನ್ನು ವಿವರಿಸಿತ್ತು.

ಮೂಲತಃ ಇದು ವ್ಯಾಕರಣದ ತೊಡಕು. ತಂತ್ರಾಂಶದಲ್ಲಿ ‘ಹೆಸರು “—” ಆಗಿರುವವರ ವಿವರವನ್ನು ಕೊಡು’ ಎಂಬ ವಾಕ್ಯವಿದೆಯೆಂದು ಭಾವಿಸೋಣ. ತೆರಪಿನಲ್ಲಿ ‘ರಾಮ’ ಎಂದು ತುಂಬಿದರೆ ತೊಂದರೆಯಿಲ್ಲ. ಆದರೆ ಒಬ್ಬನು ‘ರಾಮ” ಆಗಿರುವವರ, ಉಳಿದೆಲ್ಲರ, ಹೆಸರು “ಭೀಮ’ ಎಂದು ತುಂಬಿದನೆನ್ನೋಣ. ಉದ್ಧರಣ ಚಿಹ್ನೆಗಳು ಸರಿಹೊಂದುತ್ತವೆ, ವಾಕ್ಯವೂ ಶುದ್ಧವಾಗಿದೆ. ಅರ್ಥ ಮಾತ್ರ ಕೆಟ್ಟಿತು. ಪದವಿಭಾಗವಿಲ್ಲದ ಓಲೆಗರಿಯನ್ನು ಓದುವ ವಿದ್ವಾಂಸನು ಸಂದರ್ಭವನ್ನು ನೋಡಿ ಪದಗಳನ್ನು ಬಿಡಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಸಂದರ್ಭವಿಲ್ಲ, ಚಿಹ್ನೆಗಳಷ್ಟೇ ಉಂಟು.

ಇದಕ್ಕೆ ಪರಿಹಾರವೂ ಹಳೆಯದೇ. ವಾಕ್ಯದ ರಚನೆಯನ್ನು ಮೊದಲೇ ನಿಶ್ಚಯಿಸಿ, ತೆರಪಿಗೆ ಒಂದು ಗುರುತನ್ನಿಟ್ಟು, ಮೌಲ್ಯವನ್ನು ಬೇರೆಯಾಗಿ ಒಪ್ಪಿಸಬೇಕು. 2011ರ ಜನವರಿಯಲ್ಲಿ ಹೊರಬಂದ ಡ್ರೂಪಲ್ 7 ಇದೇ ಕ್ರಮವನ್ನು ಅನುಸರಿಸಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ದೋಷವು ಹೊಕ್ಕದ್ದು ಈ ಕಾವಲಿನ ಮೂಲಕವೇ. ಒಂದು ತೆರಪಿಗೆ ಹಲವು ಮೌಲ್ಯಗಳು ಬಂದಾಗ ತಂತ್ರಾಂಶವು ಆ ಗುರುತನ್ನು ‘ಹೆಸರು_0’, ‘ಹೆಸರು_1’ ಎಂದು ಹಲವಾಗಿ ವಿಸ್ತರಿಸುತ್ತಿತ್ತು. ಈ 0, 1 ಎಂಬ ಅಂಕೆಗಳನ್ನು ಅದು ತಾನೇ ಎಣಿಸಿ ಕೊಟ್ಟಿದ್ದರೆ ಅಪಾಯವಿರಲಿಲ್ಲ. ಆದರೆ ಬಂದ ಪಟ್ಟಿಯಲ್ಲಿ ಇದ್ದ ಸೂಚಕಗಳನ್ನೇ ಅದು ಎತ್ತಿಕೊಳ್ಳುತ್ತಿತ್ತು. ಆ ಸೂಚಕಗಳನ್ನು ಬರೆಯುವವನು ಅರ್ಜಿ ತುಂಬುವ ಹೊರಗಿನವನು! ಮೌಲ್ಯಕ್ಕೆ ಕಾವಲಿತ್ತು, ಮೌಲ್ಯದ ಹೆಸರಿಗೆ ಇರಲಿಲ್ಲ. ಅಂಕೆಯಿರಬೇಕಾದೆಡೆಯಲ್ಲಿ ಎಸ್‌ಕ್ಯುಎಲ್ ಆಜ್ಞೆಯನ್ನಿಟ್ಟರೆ ಅದು ನೇರವಾಗಿ ವಾಕ್ಯದ ಭಾಗವಾಗುತ್ತಿತ್ತು. ಖಾತೆಯಾಗಲಿ ಪಾಸ್‌ವರ್ಡ್ ಆಗಲಿ ಇಲ್ಲದವನು ಲಾಗಿನ್ ಪುಟದಿಂದಲೇ ಆಡಳಿತಗಾರನಾಗಿಬಿಡಬಹುದಾಗಿತ್ತು.

ಜರ್ಮನಿಯ ಭದ್ರತಾ ಪರಿಶೋಧಕರು ಇದನ್ನು ಪತ್ತೆಹಚ್ಚಿದರು. 2014ರ ಅಕ್ಟೋಬರ್ 15ರಂದು 7.32ನೆಯ ಆವೃತ್ತಿಯೊಡನೆ ಪರಿಹಾರವು ಪ್ರಕಟವಾಯಿತು. ತಿದ್ದುಪಡಿ ಒಂದೇ ಸಾಲಿನದು: ಬಂದ ಸೂಚಕಗಳನ್ನು ಕಡೆಗಣಿಸಿ ಮೌಲ್ಯಗಳನ್ನು ಹೊಸದಾಗಿ ಎಣಿಸುವುದು. ಇಂತಹ ಮುಕ್ತ ತಂತ್ರಾಂಶದಲ್ಲಿ ತಿದ್ದಿದ ಸಾಲನ್ನು ಯಾರು ಬೇಕಾದರೂ ಓದಬಹುದು. ಎಲ್ಲಿ ತಿದ್ದಿದೆಯೋ ಅಲ್ಲಿಯೇ ದೋಷವಿತ್ತೆಂಬುದು ಆಕ್ರಮಣಕಾರನಿಗೂ ತಿಳಿಯುತ್ತದೆ. ಕೆಲವೇ ಗಂಟೆಗಳಲ್ಲಿ ಯಾಂತ್ರಿಕ ಆಕ್ರಮಣಗಳು ಮೊದಲಾದವು. ಪ್ರಕಟಣೆಯಾದ 7 ಗಂಟೆಗಳೊಳಗೆ ತಿದ್ದುಪಡಿಯಾಗದ ತಾಣಗಳೆಲ್ಲವೂ ಪರರ ವಶವಾಗಿವೆಯೆಂದೇ ಭಾವಿಸಬೇಕೆಂದು ಡ್ರೂಪಲ್ ಭದ್ರತಾ ಮಂಡಳಿಯು ಅಕ್ಟೋಬರ್ 29ರಂದು ಎಚ್ಚರಿಸಿತು. ಭಾರತೀಯ ಕಾಲಮಾನದಲ್ಲಿ ಆ ಅವಧಿಯು ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಜಾವ ನಾಲ್ಕೂವರೆಯವರೆಗೆ. ನಮ್ಮಲ್ಲಿ ತಾಣ ನೋಡಿಕೊಳ್ಳುವವರು ಮಲಗಿರುವ ಹೊತ್ತು.

ತಡವಾಗಿ ತಿದ್ದಿದರೆ ಬಾಗಿಲು ಮುಚ್ಚೀತು, ಒಳಹೊಕ್ಕವನು ಹೊರಬೀಳುವುದಿಲ್ಲ. ಆದಕಾರಣ ಅಕ್ಟೋಬರ್ 15ಕ್ಕೆ ಹಿಂದಿನ ಪ್ರತಿಯಿಂದ ತಾಣವನ್ನು ಮರಳಿ ಕಟ್ಟಬೇಕೆಂಬ ಸಲಹೆಯೂ ಬಂದಿತು. ಅದೇ ಎಚ್ಚರಿಕೆಯಲ್ಲಿ ಇನ್ನೊಂದು ವಿಚಿತ್ರ ಲಕ್ಷಣದ ಉಲ್ಲೇಖವಿದೆ: ತಾನು ತಿದ್ದದೆಯೇ ತನ್ನ ತಾಣವು ತಿದ್ದಲ್ಪಟ್ಟಿರುವುದನ್ನು ಕಂಡರೆ ಒಡೆಯನು ಸಂತೋಷಪಡಕೂಡದು. ಬೇರೆ ಕಳ್ಳರು ಬಾರದಿರಲೆಂದು ಮೊದಲು ಹೊಕ್ಕವನೇ ಕಿಂಡಿಯನ್ನು ಮುಚ್ಚಿರಬಹುದು.