ಏಳಲೊಲ್ಲದ ಗಣಕಯಂತ್ರ

ಶ್ರೀರಂಗಪಟ್ಟಣ, ಪಾಂಡವಪುರಗಳ ಸೀಮೆಯಲ್ಲಿ ಬತ್ತದ ಗದ್ದೆಗೆ ನೀರು ಬಾರದೆ ಹೋದರೆ ರೈತನು ಗದ್ದೆಯನ್ನು ಅಗೆಯಲು ಹೊರಡುವುದಿಲ್ಲ. ಗುದ್ದಲಿಯನ್ನು ಹೆಗಲಿಗೇರಿಸಿ, ನೀರು ಬರುವ ದಾರಿಯನ್ನೇ ಹಿಡಿದು ಮೇಲಕ್ಕೆ ನಡೆಯುತ್ತಾನೆ. ಹೊಲಗಾಲುವೆ, ಅದರ ತಲೆಯಲ್ಲಿರುವ ತೂಬು, ಅದಕ್ಕೂ ಮೇಲಿನ ಕವಲುನಾಲೆ, ಕಡೆಗೆ ಕನ್ನಂಬಾಡಿಯಿಂದ ಬರುವ ವಿಶ್ವೇಶ್ವರಯ್ಯ ನಾಲೆ. ಇವುಗಳಲ್ಲಿ ನೀರು ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆಯೇ. ಹೇಮಾವತಿಯ ನೀರಿಗೆ ಕಾಯುವ ಕೃಷ್ಣರಾಜಪೇಟೆ, ನಾಗಮಂಗಲಗಳ ರೈತರಿಗೂ ಈ ವಿದ್ಯೆ ಹೊಸದಲ್ಲ.

ಮನೆಯ ಮೂಲೆಯ ಹಳೆಯ ಕಂಪ್ಯೂಟರು ಒಂದು ದಿನ ಮುಷ್ಕರ ಹೂಡಿದಾಗಲೂ ಬೇಕಾದುದು ಇದೇ ವಿದ್ಯೆ. ಅದನ್ನು ಎಬ್ಬಿಸಲೆಂದು ಸಿ.ಡಿ.ಯೊಂದನ್ನು ಹಾಕಿ ಗುಂಡಿ ಒತ್ತಿದ್ದಾಯಿತು. ಕಪ್ಪು ತೆರೆಯ ಮೇಲೆ ಬಿಳಿಯ ಗೆರೆಯೊಂದು ಮಿನುಗುತ್ತದೆಯೇ ಹೊರತು ಯಂತ್ರ ಏಳುವುದಿಲ್ಲ. ಆಗ ನೆರೆಮನೆಯವರು ಬಂದು, “ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಿಬಿಡಿ” ಎನ್ನುತ್ತಾರೆ. ಗದ್ದೆಯನ್ನು ಅಗೆಯುವುದೆಂದರೆ ಇದೇ! ಮಗಳ ಮದುವೆಯ ಚಿತ್ರಗಳು, ಮಗನ ಪ್ರಬಂಧ, ಮನೆಯ ಲೆಕ್ಕಪತ್ರ ಎಲ್ಲವೂ ಅದರೊಡನೆ ಮಣ್ಣುಪಾಲಾಗುತ್ತವೆ. ನಿಜವಾದ ತಡೆಯಾದರೋ ಯಾವುದೋ ಒಂದು ತೂಬಿನಲ್ಲಿ ಸಿಕ್ಕಿಕೊಂಡ ಕಸದಷ್ಟೇ ಇರಬಹುದು.

ನೀರು ನಿಂತದ್ದೆಲ್ಲಿ?

ಮೊದಲನೆಯ ತೂಬು ವಿದ್ಯುತ್ತಿನದು. ದೀಪವೂ ಇಲ್ಲ, ಬೀಸಣಿಗೆಯ ಸದ್ದೂ ಇಲ್ಲವೆಂದರೆ ತಂತಿಯನ್ನೂ ಪ್ಲಗ್ಗನ್ನೂ ನೋಡಬೇಕು, ಸಿ.ಡಿ.ಯನ್ನು ದೂಷಿಸಿ ಫಲವಿಲ್ಲ.

ಎರಡನೆಯದು ಯಂತ್ರದ ಆತ್ಮಪರೀಕ್ಷೆ. ಕಂಪ್ಯೂಟರಿನ ಮುಖ್ಯ ಫಲಕದಲ್ಲಿರುವ ಒಂದು ಪುಟ್ಟ ಚಿಪ್ಪಿನಲ್ಲಿ ಬಯಾಸ್ ಎಂಬ ಆದೇಶಮಾಲೆ ಶಾಶ್ವತವಾಗಿ ನೆಲಸಿರುತ್ತದೆ. ವಿದ್ಯುತ್ತು ಹರಿದ ಕೂಡಲೆ ಅದು ಎಚ್ಚೆತ್ತು, ನೆನಪಿನ ಪಟ್ಟಿಗಳೂ ಕೀಲಿಮಣೆಯೂ ಸ್ವಸ್ಥವಾಗಿವೆಯೇ ಎಂದು ವಿಚಾರಿಸುತ್ತದೆ. ಏನಾದರೂ ಹೆಚ್ಚುಕಡಿಮೆ ಕಂಡರೆ ಬೀಪ್ ಎಂದು ಕೂಗಿ ತಿಳಿಸುವುದುಂಟು. ಕೂಗುಗಳ ಅರ್ಥ ಯಂತ್ರದಿಂದ ಯಂತ್ರಕ್ಕೆ ಬೇರೆ. ಸಡಿಲವಾದ ನೆನಪಿನ ಪಟ್ಟಿಯನ್ನು ಮತ್ತೆ ಭದ್ರವಾಗಿ ಕೂರಿಸಿದ ಮಾತ್ರಕ್ಕೆ ಎದ್ದುನಿಂತ ಯಂತ್ರಗಳು ಎಷ್ಟೋ!

ಮೂರನೆಯ ತೂಬಿನಲ್ಲಿಯೇ ಬಹಳ ಮಂದಿ ಮುಗ್ಗರಿಸುವುದು. ಪರೀಕ್ಷೆ ಮುಗಿದ ಮೇಲೆ ಬಯಾಸ್ ಮುಂದಿನ ಆದೇಶವನ್ನು ಯಾರಲ್ಲಿ ಕೇಳಬೇಕು? ಅದಕ್ಕೊಂದು ಸರದಿಯ ಪಟ್ಟಿ ಉಂಟು. ಪಟ್ಟಿಯಲ್ಲಿ ಹಾರ್ಡ್ ಡಿಸ್ಕು ಮೊದಲಿದ್ದರೆ, ಎಂಥ ಒಳ್ಳೆಯ ಸಿ.ಡಿ. ಹಾಕಿದರೂ ಯಂತ್ರ ಅದರ ಕಡೆ ತಿರುಗಿ ನೋಡದೆ ಹೋದೀತು. ಯಂತ್ರ ಹೊತ್ತಿಕೊಳ್ಳುತ್ತಿದ್ದಂತೆಯೇ ಡಿಲೀಟ್, ಎಫ್2, ಎಫ್12 ಮುಂತಾದ ಕೀಲಿಗಳಲ್ಲಿ ಆ ಯಂತ್ರಕ್ಕೆ ಹೊಂದುವುದನ್ನು ಒತ್ತಿ ಸರದಿಯನ್ನು ಬದಲಿಸಬಹುದು. ಮತ್ತೊಂದು ಸಣ್ಣ ಸಂಗತಿ: ವಿಂಡೋಸ್‌ನ ಕೆಲವು ಸಿ.ಡಿ.ಗಳು “ಯಾವುದಾದರೂ ಕೀಲಿ ಒತ್ತಿರಿ” ಎಂದು ತೆರೆಯ ಮೇಲೆ ಕೆಲವೇ ಕ್ಷಣ ಬೇಡಿಕೊಳ್ಳುತ್ತವೆ. ಒತ್ತದಿದ್ದರೆ ಸರದಿ ಮುಂದಕ್ಕೆ ಹೋಗಿಬಿಡುತ್ತದೆ. ಕಾಫಿ ಹೀರುತ್ತ ಕುಳಿತವರಿಗೆ ಆ ಬೇಡಿಕೆ ಕಾಣಿಸುವುದೇ ಇಲ್ಲ!

ಬದಲಿಸಿದ ಸರದಿಯನ್ನು ಯಂತ್ರ ಮರುದಿನವೇ ಮರೆತರೆ, ಅದರ ಗಡಿಯಾರವೂ ತಪ್ಪು ತಾರೀಖು ತೋರಿಸುತ್ತಿದೆಯೇ ಎಂದು ನೋಡಬೇಕು. ಹಾಗಿದ್ದಲ್ಲಿ ಮುಖ್ಯ ಫಲಕದ ಮೇಲಿನ 3 ವೋಲ್ಟಿನ, ನಾಣ್ಯದಂಥ ಬ್ಯಾಟರಿ ಸೊರಗಿದೆ ಎಂದೇ ತಿಳಿಯಬಹುದು.

ಸಿ.ಡಿ.ಯ ಗುಟ್ಟು

ನಾಲ್ಕನೆಯ ತೂಬು ಸಿ.ಡಿ.ಯದೇ. ಹಾಡಿನ ಸಿ.ಡಿ.ಯಿಂದ ಯಂತ್ರ ಏಳಲಾರದು. ಫೀನಿಕ್ಸ್ ಮತ್ತು ಐ.ಬಿ.ಎಂ. ಸಂಸ್ಥೆಗಳು 1995ರಲ್ಲಿ ಪ್ರಕಟಿಸಿದ ‘ಎಲ್ ಟೊರಿಟೊ’ ಎಂಬ ನಿಯಮಾವಳಿಯಂತೆ, ಎಬ್ಬಿಸುವ ಸಿ.ಡಿ.ಯ 17ನೆಯ ಕ್ರಮಾಂಕದ ಖಂಡದಲ್ಲಿ ಒಂದು ಗುರುತು ಇರಬೇಕು. ಆದೇಶಗಳು ಎಲ್ಲಿವೆ ಎಂಬುದಕ್ಕೆ ಬಯಾಸ್ ಆ ಗುರುತನ್ನು ಹಿಡಿದೇ ದಾರಿ ಕಂಡುಕೊಳ್ಳುತ್ತದೆ. ಅಂತರ್ಜಾಲದಿಂದ ಇಳಿಸಿಕೊಂಡ ಐ.ಎಸ್.ಓ. ಕಡತವನ್ನು ಸಾಮಾನ್ಯ ಪತ್ರದಂತೆ ಸಿ.ಡಿ.ಗೆ ನಕಲು ಮಾಡಿದರೆ ಗುರುತು ತನ್ನ ಜಾಗದಲ್ಲಿ ಕೂರುವುದಿಲ್ಲ. ಅದನ್ನು ‘ಪ್ರತಿಬಿಂಬ’ವಾಗಿಯೇ ಬರೆಯಬೇಕು.

ಗೀರು, ಧೂಳುಗಳೂ ಶತ್ರುಗಳೇ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರಸಬೇಕು. ಸುತ್ತುಸುತ್ತಾಗಿ ಒರಸಿದರೆ ಗೀರು ಬರವಣಿಗೆಯ ಜಾಡಿನುದ್ದಕ್ಕೂ ಸಾಗಿ ಹೆಚ್ಚು ಹಾನಿ ಮಾಡುತ್ತದೆ. ತಪ್ಪು ಯಾರದೆಂಬ ವ್ಯಾಜ್ಯವನ್ನು ತೀರಿಸಲು ಎರಡು ಪರೀಕ್ಷೆ ಸಾಕು: ಇದೇ ಸಿ.ಡಿ.ಯನ್ನು ಬೇರೆ ಯಂತ್ರದಲ್ಲಿ ಹಾಕುವುದು, ಬೇರೆ ಸಿ.ಡಿ.ಯನ್ನು ಈ ಯಂತ್ರದಲ್ಲಿ ಹಾಕುವುದು. 2012ರಲ್ಲಿ ವಿಂಡೋಸ್ 8 ಬಂದ ಮೇಲಿನ ಅನೇಕ ಯಂತ್ರಗಳು ‘ಸೆಕ್ಯೂರ್ ಬೂಟ್’ ಎಂಬ ಸಹಿಪರೀಕ್ಷೆ ಮಾಡಿ, ಹಳೆಯ ಸಿ.ಡಿ.ಗಳನ್ನು ಬಾಗಿಲಲ್ಲೇ ತಡೆಯುವುದೂ ಉಂಟು.

ಅಳಿಸುವ ಮುನ್ನ

ಇಷ್ಟಾದ ಮೇಲೆ ತಿಳಿಯಬೇಕಾದ ಮುಖ್ಯ ಮಾತು ಇದು: ಯಂತ್ರ ಏಳದಿರುವುದು ಬೇರೆ, ಒಳಗಿನ ಬರಹ ಅಳಿದುಹೋಗುವುದು ಬೇರೆ. 2000ದಲ್ಲಿ ಹೊರಬಂದ ‘ನಾಪಿಕ್ಸ್’ನಂಥ ಲಿನಕ್ಸ್ ವ್ಯವಸ್ಥೆಗಳು ಹಾರ್ಡ್ ಡಿಸ್ಕನ್ನು ಮುಟ್ಟದೆ, ಸಿ.ಡಿ.ಯಿಂದಲೇ ಎದ್ದು ಕೆಲಸ ಮಾಡಬಲ್ಲವು. ಅಂಥದೊಂದರಿಂದ ಯಂತ್ರವನ್ನು ಎಬ್ಬಿಸಿ, ಮೊದಲು ಚಿತ್ರಗಳನ್ನೂ ಪತ್ರಗಳನ್ನೂ ಹೊರಗೆ ನಕಲು ಮಾಡಿಕೊಳ್ಳಬಹುದು. ಆದರೆ ಹಾರ್ಡ್ ಡಿಸ್ಕು ಟಕ್ ಟಕ್ ಎಂದು ಬಡಿದುಕೊಳ್ಳುತ್ತಿದ್ದರೆ ಒಡನೆ ವಿದ್ಯುತ್ತನ್ನು ಆರಿಸಿ, ಬಲ್ಲವರ ಕೈಗೆ ಒಪ್ಪಿಸುವುದೇ ಕ್ಷೇಮ.

ನಕಲಿನ ಬೆಲೆಯೇನೆಂಬುದಕ್ಕೆ ಈ ನಾಲ್ಕು ತಾಲ್ಲೂಕುಗಳ ಕಛೇರಿಗಳೇ ಸಾಕ್ಷಿ. 2002ರ ಹೊತ್ತಿಗೆ ‘ಭೂಮಿ’ ಯೋಜನೆ ರಾಜ್ಯದ 177 ತಾಲ್ಲೂಕುಗಳಿಗೆ ಹಬ್ಬಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗ್ರಾಮಲೆಕ್ಕಿಗರ ಕಡತದಿಂದ ಗಣಕಯಂತ್ರಕ್ಕೆ ಏರಿದವು. ಆರಂಭದಲ್ಲಿ 15 ರೂಪಾಯಿಗೆ ಪಹಣಿಯ ಅಚ್ಚಾದ ಪ್ರತಿ ದೊರೆಯುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಬೆಳೆಸಾಲಕ್ಕೂ ನ್ಯಾಯಾಲಯಕ್ಕೂ ಬೇಕಾದ ಕಾಗದ ಒಂದೇ ಒಂದು ಯಂತ್ರದ ಹೊಟ್ಟೆಯಲ್ಲಿದ್ದು, ಆ ಯಂತ್ರವೇ ಏಳದೆ ಹೋದರೆ ನಾಗಮಂಗಲದ ರೈತನ ಗತಿಯೇನು? ದಾಖಲೆಗಳನ್ನು ಬೆಂಗಳೂರಿನ ಕೇಂದ್ರದಲ್ಲಿಯೂ ಇರಿಸುವ ಏರ್ಪಾಡು ಈ ಪ್ರಶ್ನೆಗೆ ಕೊಟ್ಟ ಉತ್ತರ.

ಗೃಹಸ್ಥರಿಗೂ ಅದೇ ಉತ್ತರ ಸಲ್ಲುತ್ತದೆ. ಪ್ರಿಯವಾದ ಪ್ರತಿಯೊಂದಕ್ಕೂ ಬೇರೆಡೆ ಒಂದು ನಕಲು ಇರಲಿ. ಆಮೇಲೆ ಯಂತ್ರ ಮುನಿದರೂ ಗಾಬರಿಯಿಲ್ಲ. ಗುದ್ದಲಿಯನ್ನು ಗದ್ದೆಗೆ ಹಾಕದೆ ಹೆಗಲ ಮೇಲಿರಿಸಿಕೊಂಡು, ಒಂದೊಂದೇ ತೂಬನ್ನು ನೋಡುತ್ತ ನಿಧಾನವಾಗಿ ನಡೆದರಾಯಿತು.